ಹೊಸಿಲ ಹಕ್ಕಿನ ಕೋಣೆ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಗೆರೆಯಕ್ಕ ಎಂದೇ ಹೆಸರು. ಅವಳು ಮಡಚಿದ ಹೊದಿಕೆಯ ಅಂಚು ಗೆರೆ ಎಳೆದಷ್ಟು ನೆಟ್ಟಗೆ ಬರುತ್ತಿತ್ತು. ಹದಿನಾಲ್ಕು ವರ್ಷದಿಂದ ಅದೇ ಕೆಲಸ, ಅದೇ ಉದ್ದನೆಯ ಮೇಜು. ನಡುವೆ ಒಂದು ಮದುವೆಯಾಯಿತು, ಒಬ್ಬಳು ಮಗಳು ಹುಟ್ಟಿದಳು, ಎರಡು ವರ್ಷದ ಹಿಂದೆ ವಿಚ್ಛೇದನವೂ ಆಯಿತು. ಮೇಜು ಮಾತ್ರ ಬದಲಾಗಲಿಲ್ಲ.

ತಾಯಿ ಮಗಳು ಇದ್ದದ್ದು ಟೈರ್ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ. ಅಲ್ಲಿ ದಿನ ಶುರುವಾಗುತ್ತಿದ್ದುದು ಮಾತ್ರೆಯಿಂದ. ಮಗಳಿಗೆ ಏಳು ವರ್ಷ. ಬಾಯಿ ಬಿಟ್ಟರೆ ಪಟಪಟ, ಅದಕ್ಕೇ ಪಟಾಕಿ ಎಂಬ ಅಡ್ಡಹೆಸರು. ನಾಲ್ಕನೆಯ ವಯಸ್ಸಿನಿಂದ ಅವಳಿಗೆ ಮೂರ್ಛೆ ಬರುತ್ತಿತ್ತು. ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ. ಎರಡು ಹೊತ್ತು ತಪ್ಪಿದರೆ ಮೂರನೆಯ ಹೊತ್ತಿಗೆ ಮಗು ನೆಲಕ್ಕೆ ಬೀಳುತ್ತಿತ್ತು.

"ಕಹಿ," ಎನ್ನುವಳು ಪಟಾಕಿ.

"ನುಂಗಿದ ಮೇಲೆ ಕಹಿ ಎಲ್ಲಿರುತ್ತೆ?"

"ಹೊಟ್ಟೇಲೂ ಒಂದು ನಾಲಿಗೆ ಇದ್ರೆ? ನೀನು ಒಳಗೆ ಹೋಗಿ ನೋಡಿದೀಯಾ?"

ಆ ಮಾತ್ರೆ ಭತ್ಯೆ ಚೀಟಿ ಇದ್ದವರಿಗೆ ಪುಕ್ಕಟೆ, ಇಲ್ಲದವರಿಗೆ ಗೆರೆಯಕ್ಕನ ಅರ್ಧ ಸಂಬಳ. ಕೈಯಲ್ಲಿ ಕಾಸಿಲ್ಲದವರಿಗೆ, ಆಸರೆಯಿಲ್ಲದವರಿಗೆ ಸರ್ಕಾರ ಕೊಡುವ ಚೀಟಿ ಅದು. ಹಾಗಾಗಿ ಅವಳು ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಎದೆಗೊತ್ತಿಕೊಂಡು ಓಡಾಡುತ್ತಿದ್ದಳು.

ಒಂದು ಮಧ್ಯಾಹ್ನ ಆಸ್ಪತ್ರೆಯ ಪಡಸಾಲೆಯಲ್ಲಿ ಹಳೆಯ ನೆರೆಮನೆಯ ಅಜ್ಜಿ ಸಿಕ್ಕಿದಳು. ಗೆರೆಯಕ್ಕನನ್ನು ಕಂಡದ್ದೇ ಮುಖ ಗಂಟು ಹಾಕಿಕೊಂಡಳು.

"ಏನಮ್ಮಾ, ನಿನ್ನೆ ಸಂಜೆ ಕೂಗಿ ಕೂಗಿ ಗಂಟಲು ಬಿತ್ತು. ದೀಪ ಹಾಕ್ಕೊಂಡು ಒಳಗೇ ಇದ್ದೆ, ಕಿಟಕಿ ತೆಗೀಲೇ ಇಲ್ಲವಲ್ಲ."

"ಎಲ್ಲಿ ಅಜ್ಜಿ?"

"ಇನ್ನೆಲ್ಲಿ? ಅತ್ತೆ ಮನೇಲಿ, ನಿನ್ನ ಕೋಣೇಲಿ. ನಿನ್ನ ಹಸಿರು ಸ್ವೆಟರು ಹಗ್ಗದ ಮೇಲೆ ಒಣಗ್ತಾ ಇತ್ತು."

ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ ಎಂದುಕೊಂಡು ಗೆರೆಯಕ್ಕ ನಕ್ಕುಬಿಟ್ಟಳು. ಆ ಮನೆಯ ಹೊಸಿಲು ದಾಟಿ ಹೊರಗೆ ಬಂದು ಎರಡು ವರ್ಷವಾಗಿತ್ತು. ಆದರೂ ಕೆಲಸ ಮುಗಿಸಿ ಹೊರಡುವಾಗ ಆ ಸ್ವೆಟರನ್ನು ತಾನು ಎಲ್ಲಿ ಬಿಟ್ಟೆ ಎಂದು ನೆನಪು ಮಾಡಿಕೊಂಡಳು. ಅಲ್ಲೇ ಬಿಟ್ಟಿದ್ದಳು.

ಮರುದಿನ ಔಷಧಿ ಕಿಟಕಿಯವನು ಚೀಟಿಯನ್ನು ವಾಪಸ್ ತಳ್ಳಿದ. "ನಿಂತು ಹೋಗಿದೆ ಅಕ್ಕಾ. ಭತ್ಯೆ ಕಚೇರೀಲಿ ಕೇಳಿ." ಮನೆಯಲ್ಲಿ ಉಳಿದದ್ದು ಇಪ್ಪತ್ತೆರಡು ಮಾತ್ರೆ.

ಭತ್ಯೆ ಕಚೇರಿಯ ತನಿಖಾಧಿಕಾರಿಯನ್ನು ಊರೆಲ್ಲ ಟಿಕ್ಕು ಮೇಡಂ ಎನ್ನುತ್ತಿತ್ತು. ಹತ್ತೊಂಬತ್ತು ವರ್ಷದಿಂದ ಮನೆ ಮನೆ ತಿರುಗಿ ನಮೂನೆಯ ಚೌಕಗಳಲ್ಲಿ ಟಿಕ್ಕು ಹಾಕುವುದೇ ಅವರ ಬದುಕು. ಅವರು ಕಡತ ಬಿಚ್ಚಿ, ಕನ್ನಡಕ ಏರಿಸಿ ಓದಿದರು.

"ಎರಡು ವರ್ಷಕ್ಕೊಮ್ಮೆ ಮರುಪರಿಶೀಲನೆ ಅಲ್ವಾ? ನಿಮ್ಮ ವಿಚ್ಛೇದನದ ಒಪ್ಪಂದ ಪತ್ರ ತರಿಸಿದ್ವಿ. ಏಳನೇ ಷರತ್ತು: ಗಂಡನ ಮನೆಯಲ್ಲಿ ಜೀವನಪರ್ಯಂತ ಒಂದು ಕೋಣೆ, ಊಟ, ಬಟ್ಟೆ. ನಾನೇ ಹೋಗಿ ನೋಡಿದೀನಿ. ಹಾಸಿಗೆ ಇದೆ. ಬಾಚಣಿಗೇಲಿ ಕೂದಲಿದೆ. ಟವೆಲ್ಲು ಒದ್ದೆ. ಹಲ್ಲುಜ್ಜೋ ಬ್ರಷ್ಷು ಒದ್ದೆ. ಅರ್ಧ ಕುಡಿದ ಚಹಾ ಇನ್ನೂ ಬಿಸಿ ಇತ್ತು. ನೀವು ಆಗಷ್ಟೇ ಹೊರಗೆ ಹೋಗಿದ್ರಂತೆ."

"ಮೇಡಂ, ನಾನು ಅಲ್ಲಿಲ್ಲ."

"ಮತ್ತೆ ಯಾರ ಚಹಾ ಅದು?"

ಈ ಹೊಸಿಲ ಹಕ್ಕು ಎಂಬ ಪದ್ಧತಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಮರ್ಯಾದಸ್ಥರು ಎನಿಸಿಕೊಂಡ ಮನೆಗಳಲ್ಲಿ ವಿಚ್ಛೇದನವಾದರೆ, ಸೊಸೆಯನ್ನು ಬೀದಿಗೆ ತಳ್ಳಿದರು ಎಂಬ ಮಾತು ಬರಬಾರದಲ್ಲ. ಅದಕ್ಕೆ ಎರಡೂ ಕಡೆಯ ಹಿರಿಯರು ಸೇರಿ, ಅವಳಿಗೊಂದು ಕೋಣೆ ಇದೆ ಎಂದು ಕಾಗದದಲ್ಲಿ ಬರೆಯುತ್ತಾರೆ. ಅವಳು ಅಲ್ಲಿ ಕಾಲಿಡಬಾರದು ಎಂಬುದು ಎಲ್ಲರಿಗೂ ಗೊತ್ತು, ಅದನ್ನು ಬರೆಯುವುದಿಲ್ಲ. ಇನ್ನೊಂದು ಅನುಕೂಲವೂ ಉಂಟು. ಭತ್ಯೆ ಕಾಯಂ ಆದರೆ ಕಚೇರಿಯವರು ಗಂಡನ ಮನೆಗೆ ಬಂದು ಜೀವನಾಂಶ ಕೇಳುತ್ತಾರೆ. ಸೊಸೆ ಕೋಣೆಯಲ್ಲೇ ಇದ್ದಾಳೆ ಎಂದರೆ ಕೇಳುವುದಿಲ್ಲ.

ಗೆರೆಯಕ್ಕನೂ ಆ ದಿನ ಸಂತೋಷದಿಂದಲೇ ಸಹಿ ಹಾಕಿದ್ದಳು. ನನಗಿನ್ನೂ ಆ ಮನೆಯಲ್ಲಿ ಒಂದು ಕೋಣೆ ಇದೆ ಎಂದು ಜೊತೆ ಕೆಲಸದವರ ಹತ್ತಿರ ಹೇಳಿಕೊಂಡಿದ್ದಳು ಕೂಡ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತಿತ್ತು.

ಅಂದು ಮುಂದೆ ನಿಂತು ಸಹಿ ಹಾಕಿಸಿದವನು ಅವಳ ಚಿಕ್ಕಪ್ಪ. ಅವನ ಮನೆಗೆ ಓಡಿದಳು.

"ಚಿಕ್ಕಪ್ಪಾ, ಆ ಷರತ್ತು ತೆಗೆಸಿಕೊಡು. ಮಗೂದು ಮಾತ್ರೆ ನಿಂತು ಹೋಗುತ್ತೆ."

"ಕೊಟ್ಟ ಗೌರವಾನ ವಾಪಸ್ ಎಸೀತೀಯಾ? ಆ ಕೋಣೆ ಇರೋದಕ್ಕೆ ನಾನು ನಾಲ್ಕು ಜನರ ಮುಂದೆ ತಲೆಯೆತ್ತಿ ನಡೀತಿದೀನಿ."

"ನೀನು ತಲೆ ಎತ್ತಿದ್ರೆ ನನ್ನ ಮಗಳು ತಲೆ ಕೆಳಗಾಗಿ ಬೀಳ್ತಾಳೆ."

"ಬಾಯಿ ಜಾಸ್ತಿಯಾಯ್ತು ನಿಂದು. ಇದಕ್ಕೇ ಸಂಸಾರ ನಿಲ್ಲಲಿಲ್ಲ," ಎಂದು ಚಿಕ್ಕಪ್ಪ ಪತ್ರಿಕೆ ಬಿಡಿಸಿಕೊಂಡು ಮುಖ ಮುಚ್ಚಿಕೊಂಡ.

ಮತ್ತೆ ಕಚೇರಿಗೆ ಬಂದಳು. ಆ ಹಕ್ಕೇ ಬೇಡ, ಬಿಟ್ಟುಕೊಡುತ್ತೇನೆ, ಎಲ್ಲಿ ಸಹಿ ಹಾಕಲಿ ಎಂದಳು. ಟಿಕ್ಕು ಮೇಡಂ ತಲೆಯಾಡಿಸಿದರು.

"ಬಿಟ್ಟುಕೊಟ್ರೆ ಭತ್ಯೆಗೋಸ್ಕರ ಬೇಕಂತಲೇ ಬಿಟ್ರು ಅಂತ ಆಗುತ್ತಮ್ಮ. ಆಗಲೂ ಅದು ನಿಮ್ಮ ಹತ್ರ ಇದೆ ಅಂತಲೇ ಹಿಡೀತೀವಿ."

"ಇಟ್ಕೊಂಡ್ರೂ ಇದೆ, ಬಿಟ್ರೂ ಇದೆ. ದೆವ್ವ ಮೆಟ್ಟಿಕೊಂಡ ಹಾಗಾಯ್ತಲ್ಲ ಮೇಡಂ."

"ದೆವ್ವಕ್ಕೆ ನಮ್ಮ ನಮೂನೇಲಿ ಕಾಲಂ ಇಲ್ಲ," ಎಂದರು ಮೇಡಂ, ನಗದೆ. ಕಡತ ಕಟ್ಟುತ್ತಾ, "ಮೇಲ್ಮನವಿ ಹಾಕಿ. ಇನ್ನೊಂದ್ಸಲ ಹೋಗೋಣ. ಈ ಸಲ ನೀವೂ ಬನ್ನಿ," ಎಂದರು.

ದಿನ ನಿಗದಿಯಾದದ್ದು ಹನ್ನೊಂದನೆಯ ದಿನಕ್ಕೆ. ಆ ಬೆಳಿಗ್ಗೆ ಪಟಾಕಿಗೆ ಮಾತ್ರೆ ಕೊಟ್ಟ ಮೇಲೆ ಹಾಳೆಯಲ್ಲಿ ಸಂಜೆಯದೊಂದೇ ಉಳಿದಿತ್ತು.

ಮಧ್ಯಾಹ್ನ ಮೂರು ಗಂಟೆಯ ಬಿಸಿಲಲ್ಲಿ ಗೆರೆಯಕ್ಕ, ಟಿಕ್ಕು ಮೇಡಂ ಇಬ್ಬರೂ ಆ ಮನೆಯ ಬಾಗಿಲು ತಟ್ಟಿದರು. ಅತ್ತೆ ಬಾಗಿಲು ತೆಗೆದಳು. ಗೆರೆಯಕ್ಕನನ್ನು ನೋಡಿ ಅವಳ ಮುಖದಲ್ಲಿ ಒಂದಿಷ್ಟೂ ಆಶ್ಚರ್ಯ ಕಾಣಲಿಲ್ಲ.

"ಅರೆ, ಈಗ ತಾನೇ ಹೋದೆಯಲ್ಲಮ್ಮ. ಏನಾದ್ರೂ ಮರೆತ್ಯಾ?"

ಅದು ನಾಟಕದ ದನಿಯಾಗಿದ್ದರೆ ಗೆರೆಯಕ್ಕ ಅಷ್ಟು ಹೆದರುತ್ತಿರಲಿಲ್ಲ. ಅತ್ತೆ ಸಹಜವಾಗಿಯೇ ಕೇಳಿದ್ದಳು.

ಒಳಗೆ ಉದ್ದನೆಯ ಓಣಿ, ಒಂದೇ ಸಾಲಿನಲ್ಲಿ ಮೂರು ಬಾಗಿಲು. ಎಲ್ಲೋ ನೀರು ತೊಟತೊಟ ತೊಟ್ಟಿಕ್ಕುತ್ತಿತ್ತು. ಎರಡನೆಯ ಬಾಗಿಲನ್ನು ಮಾವ ತಾವೇ ತೆರೆದರು. ಎತ್ತರದ, ದನಿ ದಪ್ಪಗಿರುವ ಮನುಷ್ಯ. ಮಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದುದರಿಂದ ಮನೆಯ ಮಾತೆಲ್ಲ ಇವರದೇ.

"ನೋಡ್ಕೊಳ್ಳಿ. ನಮ್ಮ ಮನೆತನದಲ್ಲಿ ಯಾವ ಸೊಸೇನೂ ಹೊರಗೆ ಹಾಕಿಲ್ಲ. ಬೇಕಾದ್ರೆ ಕೋಣೆ ಎಣಿಸ್ಕೊಳ್ಳಿ."

ಹಾಸಿಗೆಯಿತ್ತು. ದಿಂಬಿನಲ್ಲಿ ತಲೆಯಿಟ್ಟ ಗುಳಿಯಿತ್ತು, ಅದೂ ಗೋಡೆಯ ಕಡೆಗೆ. ಅವಳು ಮಲಗುತ್ತಿದ್ದುದು ಆ ಕಡೆಗೇ. ಮೇಜಿನ ಮೇಲೆ ಅರ್ಧ ಕುಡಿದ ಚಹಾದಿಂದ ಹಬೆ ಏಳುತ್ತಿತ್ತು. ಗೂಟದಲ್ಲಿ ಟವೆಲ್ಲು ನೀರು ಸುರಿಸುತ್ತಿತ್ತು. ಅವಳ ಹಸಿರು ಸ್ವೆಟರಿನ ಕೆಳಗೆ ಪಟಾಕಿಯ ಪುಟ್ಟ ಚಪ್ಪಲಿಗಳು ಜೋಡಿಸಿದ್ದವು. ಒಂದು ಗಳಿಗೆ ಅವಳಿಗೆ, ತಾನು ನಿಜವಾಗಿ ಇಲ್ಲೇ ಇದ್ದೇನೆ, ಟೈರ್ ಅಂಗಡಿಯ ಮೇಲಿರುವವಳು ಬೇರೆ ಯಾರೋ ಎನಿಸಿಬಿಟ್ಟಿತು.

ಟಿಕ್ಕು ಮೇಡಂ ಪೆನ್ನು ತೆಗೆದರು. "ಹಾಸಿಗೆ ಇದೆ. ಚಪ್ಪಲಿ ಇದೆ. ಟವೆಲ್ಲು..."

ಟವೆಲ್ಲು ಎಂದದ್ದೇ ಗೆರೆಯಕ್ಕನಿಗೆ ಜೀವ ಬಂದ ಹಾಗಾಯಿತು. ಗೂಟದಿಂದ ಎಳೆದು ಮೂಗಿಗೆ ಹಿಡಿದಳು.

"ಮೇಡಂ, ಮೂಸಿ ನೋಡಿ. ಮೈ ಒರೆಸಿದ ಬಟ್ಟೆಗೆ ಒಂದು ವಾಸನೆ ಇರುತ್ತೆ, ಎಷ್ಟು ಒಗೆದ್ರೂ ಎಳೆಗಳ ಸಂದೀಲಿ ಇರುತ್ತೆ. ಹದಿನಾಲ್ಕು ವರ್ಷ ಇದೇ ಕೆಲಸ ನಂದು. ಈ ಟವೆಲ್ಲು ಒಬ್ಬ ಮನುಷ್ಯನನ್ನೂ ಮುಟ್ಟಿಲ್ಲ. ನೀರು ಬಿಟ್ಟು ಬೇರೇನೂ ಇಲ್ಲ ಇದರಲ್ಲಿ."

"ಟವೆಲ್ ಮೂಸಿ ನ್ಯಾಯ ಹೇಳೋಕೆ ಬಂದ್ಲು," ಎಂದು ಮಾವ ನಕ್ಕರು.

ಅವಳು ಚಪ್ಪಲಿಯನ್ನೆತ್ತಿ ಅಂಗೈಗೆ ಒತ್ತಿಕೊಂಡಳು. ಅದು ಅವಳ ಬೆರಳ ತುದಿಗೂ ಬರಲಿಲ್ಲ. "ನನ್ನ ಮಗಳ ಪಾದ ಈಗ ನನ್ನ ಬೆರಳ ತುದಿ ದಾಟಿದೆ. ಇಲ್ಲಿರೋ ಮಗು ಎರಡು ವರ್ಷದಿಂದ ಬೆಳೆದೇ ಇಲ್ಲ ಮೇಡಂ."

ಟಿಕ್ಕು ಮೇಡಂ ಟವೆಲ್ಲನ್ನು ಇಸಿದುಕೊಂಡು ಮೂಸಿದರು. ಪೆನ್ನು ಕಾಗದದ ಮೇಲೆಯೇ ನಿಂತಿತು. ಟವೆಲ್ಲು ಈಗ ಅವರ ಕೈಯಲ್ಲಿತ್ತು, ಆದರೂ ತೊಟತೊಟ ಸದ್ದು ನಿಂತಿರಲಿಲ್ಲ. ಅದು ಬರುತ್ತಿದ್ದುದು ಪಕ್ಕದ, ಮೊದಲನೆಯ ಕೋಣೆಯಿಂದ.

"ಅದು ಯಾರ ಕೋಣೆ?"

"ನನ್ನ ತಮ್ಮನ ಹೆಂಡತೀದು. ಅವಳಿಗೂ ಹೊಸಿಲ ಹಕ್ಕು ಕೊಟ್ಟಿದೀವಿ," ಎಂದರು ಮಾವ. "ಈಗಷ್ಟೇ ಹೊರಗೆ ಹೋದ್ಲು."

ಗೆರೆಯಕ್ಕನಿಗೆ ನೆನಪಾಯಿತು. ಆ ಮನೆಯಲ್ಲಿ ಬಾಳಿದ ಏಳು ವರ್ಷವೂ ಆ ಕೋಣೆಯ ಗೂಟದಲ್ಲಿ ಒದ್ದೆ ಟವೆಲ್ಲಿತ್ತು, ಚಿಕ್ಕತ್ತೆ ಎಲ್ಲಿ ಎಂದು ಯಾವಾಗ ಕೇಳಿದರೂ ಅವಳು ಈಗಷ್ಟೇ ಹೊರಗೆ ಹೋಗಿರುತ್ತಿದ್ದಳು. ಏಳು ವರ್ಷದಲ್ಲಿ ಒಮ್ಮೆಯೂ ಒಳಗೆ ಬಂದದ್ದನ್ನು ಇವಳು ಕಂಡಿರಲಿಲ್ಲ.

ಟಿಕ್ಕು ಮೇಡಂ ಮೊಬೈಲಿನಲ್ಲಿ ಕಚೇರಿಯ ದಾಖಲೆ ಹುಡುಕಿದರು. ಓದುತ್ತಾ ಓದುತ್ತಾ ಅವರ ದನಿ ಇಳಿಯಿತು.

"ಭತ್ಯೆಗೆ ಅರ್ಜಿ ಮೂರು ಸಲ. ಮೂರು ಸಲವೂ ತಿರಸ್ಕೃತ. ಕಾರಣ: ಸ್ವಂತ ಕೋಣೆ ಇದೆ, ವಾಸದ ಗುರುತುಗಳಿವೆ. ಮೂರನೇದಕ್ಕೆ ಸಹಿ... ನಂದೇ." ಪರದೆಯನ್ನು ಬೆರಳಿನಿಂದ ಕೆಳಗೆ ಸರಿಸಿದರು. "ಆಮೇಲೆ ಬಸ್ ನಿಲ್ದಾಣದಲ್ಲಿ ತೀರಿಕೊಂಡಿದ್ದಾರೆ. ಹನ್ನೊಂದು ವರ್ಷ ಆಯ್ತು."

ಹನ್ನೊಂದು ವರ್ಷದ ಹಿಂದೆ ಸತ್ತವಳ ಟವೆಲ್ಲಿನಿಂದ ನೀರು ಬೀಳುತ್ತಲೇ ಇತ್ತು.

"ಅತ್ತೇ, ನಿಮಗೆ ಗೊತ್ತಿತ್ತಾ?" ಎಂದು ಗೆರೆಯಕ್ಕ ತಿರುಗಿ ಕೇಳಿದಳು.

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡಳು. ನೀರಿನಲ್ಲಿ ನೆನೆದು ನೆನೆದು ಆ ಬೆರಳುಗಳು ಬಿಳಿಚಿ ಸುಕ್ಕುಗಟ್ಟಿದ್ದವು. "ಗೊತ್ತಿತ್ತು ಕಣಮ್ಮ," ಎಂದಳು. "ನೆನೆಸೋದು ನಿಲ್ಲಿಸು ಅಂತ ಯಾರೂ ಹೇಳಲಿಲ್ಲ."

ಗೆರೆಯಕ್ಕನಿಗೆ ಹೆದರಿಕೆ ಹೋಗಿ ಸಿಟ್ಟು ಬಂತು. ಬಿಟ್ಟುಕೊಟ್ಟರೂ ಬಿಡದ ಹಕ್ಕು ಇದು. ಹಾಗಾದರೆ ಇದನ್ನು ಬಿಡುವುದೇ ಬೇಡ. ಸೀದಾ ಹೋಗಿ ಹಾಸಿಗೆಯ ಮೇಲೆ ಕೂತಳು, ಕಾಲು ಮೇಲೆತ್ತಿಕೊಂಡಳು, ಮೇಜಿನ ಮೇಲಿದ್ದ ಚಹಾವನ್ನು ಗಟಗಟ ಕುಡಿದು ಲೋಟ ಕೆಳಗಿಟ್ಟಳು.

"ಸಕ್ಕರೆ ಕಡಿಮೆ ಆಗಿದೆ ಅತ್ತೆ. ಸಂಜೆ ಮಗಳನ್ನ ಕರ್ಕೊಂಡು ಬರ್ತೀನಿ. ಇವತ್ತಿಂದ ಇಲ್ಲೇ ಇರ್ತೀವಿ. ಮಾವ, ಬೀಗದ ಕೈ ಕೊಡಿ."

"ಏನಂದೆ? ಏಳು ಮೇಲಕ್ಕೆ! ಹಾಸಿಗೆ ಮುಟ್ಟಬೇಡ!" ಮಾವನ ಮುಖ ಕೆಂಪೇರಿತು. "ಬೀಗದ ಕೈ ಅಂತೆ! ನಡಿ ಆಚೆ!"

"ನನ್ನ ಕೋಣೆ ಅಲ್ವಾ?"

"ನಿನ್ನ ಕೋಣೆ ಅಂದ್ರೆ ನೀನು ಬಂದು ಇರೋದಕ್ಕಲ್ಲ ಕಣೇ!"

ಟಿಕ್ಕು ಮೇಡಂ ನಮೂನೆಯ ಕೊನೆಯ ಪುಟ ತಿರುಗಿಸಿದರು. ಹಕ್ಕುದಾರರಿಗೆ ಪ್ರವೇಶ ನಿರಾಕರಿಸಲಾಗಿದೆಯೇ ಎಂದು ಅಲ್ಲೊಂದು ಚೌಕವಿತ್ತು. ಹತ್ತೊಂಬತ್ತು ವರ್ಷದಲ್ಲಿ ಆ ಪುಟಕ್ಕೆ ಅವರು ಒಮ್ಮೆಯೂ ಬಂದಿರಲಿಲ್ಲ.

"ಆ ಕೊನೇ ಮಾತು ಇನ್ನೊಂದ್ಸಲ ಹೇಳಿ ಯಜಮಾನ್ರೇ," ಎಂದರು. "ನೀವಂದ ಹಾಗೇ ಬರ್ಕೋಬೇಕು."

ಮಾವ ಮುಖ ತಿರುಗಿಸಿಕೊಂಡರು. ಮೇಡಂ ಬರೆದರು, ಟಿಕ್ಕು ಹಾಕಿದರು. ಅಲ್ಲೇ ನಿಂತು ತಾತ್ಕಾಲಿಕ ಚೀಟಿಯನ್ನೂ ಬರೆದುಕೊಟ್ಟರು. "ಆಸ್ಪತ್ರೆ ಕಿಟಕಿ ಐದು ಗಂಟೆವರೆಗೆ ತೆರೆದಿರುತ್ತೆ. ಬೇಗ ಹೋಗಿ. ಪೂರ್ತಿ ಆದೇಶ ಬರೋವರೆಗೆ ಇದರಲ್ಲೇ ಮಾತ್ರೆ ಕೊಡ್ತಾರೆ."

ಗೇಟಿನ ಹತ್ತಿರ ಯಾರೋ ಅವಳ ತೋಳು ಹಿಡಿದರು. ಹಳೆಯ ಗಂಡನ ಹೊಸ ಹೆಂಡತಿ, ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ.

"ಅಕ್ಕಾ, ಮೂರನೇ ಕೋಣೇಲಿ ಇವತ್ತು ಬೆಳಿಗ್ಗೆ ಹೊಸ ಟವೆಲ್ಲು ನೇತು ಹಾಕಿದಾರೆ. ಒದ್ದೆ ಮಾಡಿ. ಯಾರಿಗೆ ಅಂತ ಕೇಳಿದ್ರೆ ಅತ್ತೆ ಮಾತಾಡಲ್ಲ. ನಾಳಿದ್ದು ಹಿರಿಯರು ಸೇರ್ತಾರಂತೆ, ನಾನೊಂದು ಕಾಗದಕ್ಕೆ ಸಹಿ ಹಾಕ್ಬೇಕಂತೆ."

ಗೆರೆಯಕ್ಕ ಆ ತಣ್ಣನೆಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಾನೂ ಬರ್ತೀನಿ," ಎಂದಳು.

ಮೂರನೆಯ ದಿನ ಅವಳು ಅರ್ಧ ದಿನ ರಜೆ ಹಾಕಿ ಬಂದಳು. ಅಂದು ಬೆಳಿಗ್ಗೆ ಪಟಾಕಿ ಹೊಸ ಹಾಳೆಯ ಮಾತ್ರೆಯನ್ನು ಗೊಣಗುತ್ತಲೇ ನುಂಗಿ ಶಾಲೆಗೆ ಹೋಗಿದ್ದಳು. ನಡುಮನೆಯಲ್ಲಿ ಎರಡೂ ಕಡೆಯ ಹಿರಿಯರು ಕೂತಿದ್ದರು. ಮಾವ ಇವಳನ್ನು ನೋಡಿ ಹಲ್ಲು ಕಚ್ಚಿದರು, ಆದರೆ ಬಂದವರೆದುರು ಸೊಸೆಯನ್ನು ಆಚೆಗೆ ಹಾಕುವಂತಿರಲಿಲ್ಲವಲ್ಲ. ಹುಡುಗಿಯ ಅಪ್ಪನೇ ಮಗಳ ಕೈಗೆ ಪೆನ್ನು ಕೊಟ್ಟ. "ಎಂಥ ಮನೆತನ ನೋಡಮ್ಮ, ವಿಚ್ಛೇದನ ಆದ್ರೂ ಜೀವನಪೂರ್ತಿ ಕೋಣೆ ಬರೆದುಕೊಡ್ತಿದಾರೆ. ಹಾಕು ಸಹಿ."

ಹುಡುಗಿ ಗೆರೆಯಕ್ಕನ ಕಡೆ ಒಮ್ಮೆ ನೋಡಿದಳು.

"ಬೀಗದ ಕೈ ಎಲ್ಲಿ?" ಎಂದು ಕೇಳಿದಳು.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗಿ ಕಾಯುವಷ್ಟು ಕಾದು, ಪೆನ್ನಿಗೆ ಮುಚ್ಚಳ ಹಾಕಿ, ಕಾಗದದ ಮೇಲಿಟ್ಟು ಎದ್ದು ನಿಂತಳು. ಗೆರೆಯಕ್ಕ ಓಣಿಯ ಕಡೆ ಕಿವಿಗೊಟ್ಟಳು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಒಣಗಿದ ಕೈಗಳನ್ನು ಕಟ್ಟಿಕೊಂಡು ನಿಂತಿದ್ದಳು. ಮೂರು ಕೋಣೆಗಳಲ್ಲಿ ಎಲ್ಲಿಯೂ ನೀರು ತೊಟ್ಟಿಕ್ಕುತ್ತಿರಲಿಲ್ಲ.