ಎಡದಿಂದ ಮೊದಲನೆಯ ಮೂಸೆ

ನಾನು ಒಂದು ಮೂಸೆ. ಅಕ್ಕಸಾಲಿಗರು ಚಿನ್ನ ಕರಗಿಸುವ ಮೂಸೆಯನ್ನು ನೀವು ನೋಡಿರಬಹುದು. ನಾನೂ ಅದೇ ಕುಲದವಳು, ಆದರೆ ಚಿನ್ನದ ಮುಖ ಕಂಡವಳಲ್ಲ. ನನ್ನ ಎತ್ತರ ಹೆಬ್ಬೆರಳಿನಷ್ಟು, ಬಣ್ಣ ಹಾಲಿನದು. ಮೈಯೆಲ್ಲ ಬಾಯಿ, ಆದರೂ ಈವರೆಗೆ ಒಂದು ಮಾತು ಆಡಿದವಳಲ್ಲ. ಇವತ್ತು ಆಡುತ್ತೇನೆ.

ಅಲ್ಯೂಮಿನಾ ಎಂಬ ಬಿಳಿ ಪುಡಿಯನ್ನು ನೀರಿನಲ್ಲಿ ಕಲಸಿ, ಅಚ್ಚಿಗೆ ಸುರಿದು, ಒಣಗಿಸಿ ನನ್ನನ್ನು ಮಾಡಿದರು. ಹುಟ್ಟಿದ ವಾರದಲ್ಲೇ ಸುಟ್ಟರು. ಕೇಳಿದವರು ಅಯ್ಯೋ ಅನ್ನಬೇಡಿ. ನಮ್ಮಲ್ಲಿ ನಾಮಕರಣ ನಡೆಯುವುದೇ ಹಾಗೆ. ಬೆಂಕಿಯಿಂದ ಹೊರಬಂದಾಗ ಬೆರಳಿನಿಂದ ತಟ್ಟಿದರೆ ಟಣ್ ಎನ್ನುತ್ತಿದ್ದೆ. ಅಷ್ಟು ಖುಷಿಯಾಗಿತ್ತು ನನಗೆ.

ನಾನು ಮತ್ತು ನನ್ನ ನಾಲ್ವರು ತಂಗಿಯರು ಹತ್ತಿ ಹಾಸಿದ ಪೆಟ್ಟಿಗೆಯಲ್ಲಿ ಮಲಗಿ ಧಾರವಾಡದ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಬಂದೆವು. ಪೆಟ್ಟಿಗೆ ಬಿಚ್ಚಿದವರು ಮೌಲಾಸಾಬ, ಅಲ್ಲಿನ ಪ್ರಯೋಗಾಲಯದ ಅಟೆಂಡರ್. ನಮ್ಮನ್ನು ಒಬ್ಬೊಬ್ಬರನ್ನಾಗಿ ಬೆಳಕಿಗೆ ಹಿಡಿದು ನೋಡಿ, "ಐದೂ ಬರೋಬ್ಬರಿ ಅದಾವ," ಎಂದು ಕಪಾಟಿನಲ್ಲಿ ಇಟ್ಟರು. ಒಂದು ವರ್ಷ ಅಲ್ಲೇ ಇದ್ದೆವು. ಯಾರೋ ಒಬ್ಬ ವಿದ್ಯಾರ್ಥಿ ನನ್ನೊಳಗೆ ಗುಂಡುಸೂಜಿ ಹಾಕಿಟ್ಟಿದ್ದ. ಆ ದಿನಗಳ ಬಗ್ಗೆ ಹೆಚ್ಚು ಹೇಳುವುದು ಬೇಡ, ನನಗೆ ನಾಚಿಕೆ.

ಆಮೇಲೆ ಶಾಂಭವಿ ಬಂದಳು.

ಶಾಂಭವಿ ಹೊಸಮನಿ ಗದಗಿನವಳು. ಎಂ.ಟೆಕ್. ಮುಗಿಸಿ ಸಂಶೋಧನೆಗೆ ಸೇರಿದ್ದಳು. ನಾನು ಮೇಜಿನ ಮೇಲೆ ಕೂತು ಕೆಳಗಿನಿಂದ ನೋಡಿದರೆ ಮೊದಲು ಕಾಣುವುದು ಅವಳ ಗದ್ದ, ಆಮೇಲೆ ಬಗ್ಗಿದ ಕಣ್ಣು. ಜನರ ಎದುರು ಅವಳು ಅರ್ಧ ವಾಕ್ಯಕ್ಕೆ ನಿಲ್ಲುತ್ತಿದ್ದಳು. ಉಳಿದರ್ಧವನ್ನು ಸಂಜೆ ಡೈರಿಯಲ್ಲಿ ಬರೆಯುತ್ತಿದ್ದಳು. ನಮ್ಮ ಜೊತೆ ಮಾತ್ರ ಪೂರ್ತಿ ಮಾತು. "ಹುಷಾರಾಗಿ ಹೋಗಿ ಬರ್ರಿ ತಂಗೀ," ಎಂದು ಹೇಳಿಯೇ ಕುಲುಮೆಯ ಬಾಗಿಲು ಮುಚ್ಚುತ್ತಿದ್ದಳು.

ಅವಳ ಕೆಲಸ ಹಲ್ಲಿನದು. ಮುರಿದ ಹಲ್ಲಿಗೆ ತೊಡಿಸುವ ಟೋಪಿಗೆ ಒಂದು ಹೊಸ ಬಿಳಿ ಪಿಂಗಾಣಿ ಬೇಕಾಗಿತ್ತು. ಆ ಪಿಂಗಾಣಿಗೆ ಒಂದು ಮಿಶ್ರಣ ಬೆರೆಸಬೇಕು. ಎಷ್ಟು ಬೆರೆಸಿದರೆ ಹೆಚ್ಚು ಗಟ್ಟಿ? ಅದೇ ಪ್ರಶ್ನೆ. ಒಂದು ಪಾಲಿನಿಂದ ಐದು ಪಾಲಿನವರೆಗೆ ಬೆರೆಸಿ, ಪುಡಿಯನ್ನು ಒತ್ತಿ ಬತ್ತಾಸಿನಂಥ ಬಿಲ್ಲೆ ಮಾಡಿ, ಒಂದೊಂದನ್ನು ನಮ್ಮ ಐವರ ಹೊಟ್ಟೆಯಲ್ಲಿಟ್ಟು ಸುಡುತ್ತಿದ್ದಳು. ಒಂದು ಪಾಲಿನದು ನನಗೆ. ತಟ್ಟೆಯ ಮೇಲೆ ಎಡದಿಂದ ಮೊದಲನೆಯವಳು ನಾನೇ. ಹೊಟ್ಟೆಯ ಮೇಲೆ ಪೆನ್ಸಿಲಿನಿಂದ ನಂಬರ್ ಬರೆಯುತ್ತಿದ್ದಳು. ಸಾವಿರದ ನಾನೂರು ಡಿಗ್ರಿಯಲ್ಲಿ ಪೆನ್ಸಿಲ್ ಎಲ್ಲಿ ಉಳಿಯುತ್ತದೆ? ಸುಟ್ಟು ಹೋಗುತ್ತಿತ್ತು. ಆದರೆ ಧಾರವಾಡದಲ್ಲಿ ಮೇಜು ಗೋಡೆಗೆ ಅಂಟಿಕೊಂಡಿತ್ತು, ನಿಲ್ಲಲು ಇದ್ದದ್ದು ಒಂದೇ ಕಡೆ. ಸಾಲು ತಪ್ಪುವ ಮಾತೇ ಇರಲಿಲ್ಲ.

ಸುಟ್ಟ ಬಿಲ್ಲೆಗಳನ್ನು ಯಂತ್ರದಲ್ಲಿ ಒತ್ತಿ ಮುರಿದಾಗ ಎರಡನೆಯದು ಎಲ್ಲಕ್ಕಿಂತ ಗಟ್ಟಿ ಬಂತು. ಶಾಂಭವಿ ಅದನ್ನು ಹೊತ್ತಿದ್ದ ನನ್ನ ಮೊದಲ ತಂಗಿಗೆ ಮುತ್ತು ಕೊಟ್ಟಳು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಆದರೆ ಕೆಲಸ ಅವಳೊಬ್ಬಳದಲ್ಲ, ಎರಡು ಕಾಲೇಜುಗಳದು. ಧಾರವಾಡದಲ್ಲಿ ಬಂದ ಫಲ ಮಂಗಳೂರಿನ ಒಂದು ದಂತ ಕಾಲೇಜಿನಲ್ಲೂ ಬರಬೇಕು, ಆಗಲೇ ಅದಕ್ಕೆ ಬೆಲೆ. ಅಲ್ಲಿ ಈ ಕೆಲಸ ನೋಡುತ್ತಿದ್ದವರು ಡಾಕ್ಟರ್ ಜೆಸಿಂತಾ ಲೋಬೊ. ಪಾತ್ರೆಯಿಂದ ವ್ಯತ್ಯಾಸ ಬರಬಾರದೆಂದು ಶಾಂಭವಿ ಹೊಸ ಬಿಲ್ಲೆಗಳ ಜೊತೆ ನಮ್ಮನ್ನೂ ಪಾರ್ಸೆಲ್ ಮಾಡುತ್ತಿದ್ದಳು. ಹಾಗೆ ಮೂರು ಸಲ ನಾನು ಘಟ್ಟ ಇಳಿದೆ.

ಮಂಗಳೂರಿನಲ್ಲಿ ಒಂದು ವಿಚಿತ್ರ. ಕುಲುಮೆಗೆ ಹೋಗುವಾಗ ನಾನು ಒಂದು. ಹೊರಗೆ ಬಂದ ಮೇಲೆ ಜೆಸಿಂತಾ ನನ್ನನ್ನು ಮುಟ್ಟಿ "ಐದು" ಎನ್ನುತ್ತಿದ್ದರು! ಮದುವೆಯಾಗಿ ಬಂದ ಹುಡುಗಿಗೆ ಅತ್ತೆ ಮನೆಯಲ್ಲಿ ಹೊಸ ಹೆಸರಿಡುವುದಿಲ್ಲವೇ, ಇದೂ ಹಾಗೇ ಇರಬೇಕು ಅಂದುಕೊಂಡೆ. ನನ್ನ ದಡ್ಡತನ.

ಮೂರು ಸಲವೂ ಅಲ್ಲಿ ನಾಲ್ಕನೆಯದು ಗಟ್ಟಿ ಬಂತು.

ಕಂಪ್ಯೂಟರಿನಲ್ಲಿ ಮೀಟಿಂಗ್ ನಡೆಯಿತು. ಶಾಂಭವಿಯ ಗೈಡ್ ಕಟ್ಟಿ ಸರ್ ತಲೆ ಕೆರೆದುಕೊಂಡರು. "ಏನವಾ ಇದು? ಒಂದ ಪುಡಿ, ಒಂದ ಮೂಸಿ, ಎರಡು ಪುರಾಣ!"

ಪರದೆಯ ಮೇಲಿಂದ ಜೆಸಿಂತಾ, "ನಾನು ಮೂರು ಮೂರು ಸಲ ಚೆಕ್ ಮಾಡಿದ್ದೇನೆ ಸರ್. ನಮ್ಮದರಲ್ಲಿ ಎಂತದೂ ತಪ್ಪಿಲ್ಲ. ನಿಮ್ಮ ಪುಡಿಯನ್ನೇ ಸ್ವಲ್ಪ ನೋಡಿ," ಎಂದರು.

ಶಾಂಭವಿ ಮ್ಯೂಟ್ ತೆಗೆಯಲು ಬೆರಳು ಚಾಚಿದಳು, ಹಿಂದೆ ತೆಗೆದುಕೊಂಡಳು. ಪುಡಿಯನ್ನು ಅವಳು ಹೇಗೆ ತೂಗುತ್ತಾಳೆ ಎಂದು ನನಗೆ ಗೊತ್ತು. ಫ್ಯಾನ್ ಆರಿಸಿ, ಉಸಿರು ಹಿಡಿದು ತೂಗುತ್ತಾಳೆ. ಅದನ್ನು ಹೇಳಬೇಕಿತ್ತು.

ಮೀಟಿಂಗ್ ಮುಗಿದ ಮೇಲೆ ಕಟ್ಟಿ ಸರ್ ಮೆತ್ತಗೆ ಹೇಳಿದರು: "ಇನ್ನೊಂದು ಸಲ ಮಾಡಿ ನೋಡೂಣು. ಈ ಸಲನೂ ಹೊಂದಲಿಲ್ಲಂದ್ರ ಕೂಡಿ ಮಾಡೂದು ಸಾಕು. ನೀ ಬ್ಯಾರೆ ವಿಷಯ ತಗೊಂಡು ಮೊದಲಿಂದ ಸುರು ಮಾಡು."

ಮೊದಲಿಂದ ಅಂದರೆ ಎರಡೂವರೆ ವರ್ಷ ನೀರಿಗೆ ಬಿಟ್ಟಂತೆ. ಶಾಂಭವಿ ನನ್ನನ್ನು ಅಂಗೈಯಲ್ಲಿ ಎತ್ತಿಕೊಂಡಳು. "ಈ ಸಲ ಪಾರ್ಸೆಲ್ ಬ್ಯಾಡ್ರಿ ಸರ್. ನಾನ ಹೋಗ್ತೀನಿ," ಎಂದಳು. ನನ್ನ ಎದುರು ಅವಳು ಸರ್‌ಗೆ ಪೂರ್ತಿ ವಾಕ್ಯ ಹೇಳಿದ್ದು ಅದೇ ಮೊದಲು.

ಸ್ಟೀಲಿನ ಡಬ್ಬಿಯಲ್ಲಿ ನಾವು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಅವಳ ಅವ್ವ ಕೊಟ್ಟ ಶೇಂಗಾ ಚಟ್ನಿ ಪುಡಿ. ಮಂಗಳೂರಿನಲ್ಲಿ ಜೆಸಿಂತಾ ಬಾಗಿಲಲ್ಲೇ ಎದುರಾದರು. ಎತ್ತರದ ಆಳು, ದೊಡ್ಡ ಗಂಟಲು.

"ಬಾ ಮಾರಾಯ್ತಿ! ನೀನು ಇಷ್ಟು ಸಣ್ಣವಳಾ? ಈ ಕೆಂಪು ಪುಡಿ ಎಂತದು, ಆರನೇ ಸ್ಯಾಂಪಲ್ಲಾ?"

"ಚಟ್ನಿರೀ... ನಿಮಗ."

"ಹಾಗಾದ್ರೆ ಇದರ ಟೆಸ್ಟ್ ಮೊದಲು," ಎಂದು ಅಲ್ಲೇ ಬೆರಳದ್ದಿ ನೆಕ್ಕಿದರು. ಕಣ್ಣಲ್ಲಿ ನೀರು ಬಂತು. "ದೇವರೇ! ಇದಕ್ಕೆ ಕುಲುಮೆ ಬೇಡ." ಶಾಂಭವಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಬಿಲ್ಲೆಗಳನ್ನು ಶಾಂಭವಿಯೇ ತುಂಬಿ, ತಟ್ಟೆಯಲ್ಲಿ ಸಾಲಾಗಿ ಇಟ್ಟಳು. ಎಡದಿಂದ ಮೊದಲು ನಾನು. ಒಳಗೆ ಹೋದೆವು, ಕಾದೆವು, ತಣಿದೆವು. ಮರುದಿನ ಬೆಳಿಗ್ಗೆ ಜೆಸಿಂತಾ ಬಾಗಿಲು ತೆಗೆದು ತಟ್ಟೆಯನ್ನು ಎತ್ತಿ, ತಿರುಗಿ, ಹಿಂದಿದ್ದ ಮೇಜಿನ ಮೇಲಿಟ್ಟರು. ಆ ಮೇಜು ಕೋಣೆಯ ನಡುವೆ ಇತ್ತು. ಅವರ ಕುರ್ಚಿ, ರಿಜಿಸ್ಟರ್ ಎಲ್ಲ ಆಚೆ ಬದಿಗೆ. ಸುತ್ತು ಹಾಕಿ ಹೋಗಿ ಕೂತರು. ಶಾಂಭವಿ ಈಚೆ ಬದಿಯಲ್ಲೇ ನಿಂತು ತನ್ನ ವಹಿ ತೆರೆದಳು.

"ಒಂದು," ಎಂದು ಜೆಸಿಂತಾ ತಮ್ಮ ಎಡಗಡೆಯ ಮೂಸೆಯನ್ನು ಮುಟ್ಟಿದರು. ಅದು ನನ್ನ ಕೊನೆಯ ತಂಗಿ.

ಅದೇ ಹೊತ್ತಿಗೆ ಶಾಂಭವಿಯ ಬೆರಳು ನನ್ನ ಮೇಲಿತ್ತು.

ಇಬ್ಬರ ಬೆರಳು, ಸಾಲಿನ ಎರಡು ತುದಿ. ಆಗ ನನಗೂ ಹೊಳೆಯಿತು. ಹೆಸರು ಬದಲಾದದ್ದಲ್ಲ, ಕೂತ ಕಡೆ ಬದಲಾದದ್ದು! ನಡುವಿನ ಮೂರನೆಯದು ಎರಡೂ ಊರಿನಲ್ಲಿ ಹೊಂದುತ್ತಿದ್ದುದರಿಂದ ಯಾರಿಗೂ ಅನುಮಾನವೇ ಬಂದಿರಲಿಲ್ಲ. ಕೂಗಬೇಕು ಅನ್ನಿಸಿತು. ಮೈಯೆಲ್ಲ ಬಾಯಿ ಇದ್ದರೇನು!

ಶಾಂಭವಿಯ ಪೆನ್ನು ನಿಂತಿತ್ತು. ಅವಳಿಗೂ ಕಂಡಿದೆ ಎಂದು ಗೊತ್ತಾಯಿತು. ಆದರೆ ಎದುರಿಗಿರುವವರು ಡಾಕ್ಟರ್, ವಯಸ್ಸಿನಲ್ಲಿ ಹಿರಿಯರು, ಮೂರು ಸಲ ಚೆಕ್ ಮಾಡಿದವರು. ಅಷ್ಟರಲ್ಲಿ ಜೆಸಿಂತಾ "ಎರಡು" ಎಂದು ಆಗಲೇ ಬರೆಯುತ್ತಿದ್ದರು. ಈಗ ಸುಮ್ಮನಾದರೆ ಮುಗಿಯಿತು.

"ಅಕ್ಕಾರ... ಒಂದ ನಿಮಿಷ ಈ ಕಡೆ ಬರ್ರಿ."

"ಎಂತಕ್ಕೆ?"

"ಬರ್ರಿ ಸುಮ್ನ."

ಜೆಸಿಂತಾ ಎದ್ದು ಬಂದು ಪಕ್ಕದಲ್ಲಿ ನಿಂತರು.

"ಈಗ ಎಣಸ್ರಿ."

"ಒಂದು, ಎರಡು, ಮೂ..." ಧ್ವನಿ ನಿಧಾನವಾಯಿತು. ಆಚೆಯ ಕುರ್ಚಿಯನ್ನು ನೋಡಿದರು, ತಟ್ಟೆಯನ್ನು ನೋಡಿದರು, ಮತ್ತೆ ಕುರ್ಚಿಯನ್ನು ನೋಡಿದರು. "ಅಯ್ಯೋ ನನ್ನ ಕರ್ಮವೇ! ಮೂರು ಸಲ ಚೆಕ್ ಮಾಡಿದೆ ಅಂದೆನಲ್ಲ, ಮೂರು ಸಲವೂ ಅದೇ ಕುರ್ಚಿಯಲ್ಲಿ ಕೂತು!"

"ತಪ್ಪು ನಂದೂ ಐತ್ರಿ," ಎಂದಳು ಶಾಂಭವಿ. "ಪೆನ್ಸಿಲ್‌ಲೆ ನಂಬರ್ ಹಾಕಿ ಕಳಿಸಿದಾಕಿ ನಾನ ಅಲ್ಲೇನ್ರಿ? ನಮ್ಮಲ್ಲಿ ಟೇಬಲ್ ಗ್ವಾಡಿಗೆ ಹತ್ತಿ ಐತಿ. ಆಚೆ ಕಡೆ ಅನ್ನೂದ ಇಲ್ಲ ನಮಗ."

ಜೆಸಿಂತಾ ಎಷ್ಟು ನಕ್ಕರೆಂದರೆ ಪಕ್ಕದ ಕೋಣೆಯವರು ಇಣುಕಿ ಹೋದರು. ಹಳೆಯ ಮೂರು ಹಾಳೆಗಳನ್ನು ತೆಗೆದು ಹಿಂದಿನಿಂದ ಮುಂದಕ್ಕೆ ಓದಿದರು. ಧಾರವಾಡದ ಅಂಕಿಗಳಿಗೆ ಹೆಚ್ಚುಕಡಿಮೆ ಸರಿಯಾಗಿ ಕೂತವು.

ಆದರೆ ಶಾಂಭವಿ ಅಷ್ಟಕ್ಕೆ ಒಪ್ಪಲಿಲ್ಲ. "ಅಳಿಸದಂಗ ನಂಬರ್ ಹಾಕಿ ಮತ್ತೊಮ್ಮೆ ಸುಡೂಣ್ರಿ," ಎಂದಳು. ಮೌಲಾಸಾಬರಿಗೆ ಫೋನ್ ಹೋಯಿತು.

"ಮೊದಲ ಕೇಳಬಾರದೇನವಾ? ತುಕ್ಕು ಹಿಡಿದ ಮೊಳೀನ ವಿನೆಗರಿನಾಗ ನೆನಸಿಡು. ಆ ನೀರಿಲೆ ಬರಿ. ಬೆಂಕಿ ಬಿದ್ದಷ್ಟೂ ಕೆಂಪಗ ಕೂಡತೈತಿ."

ಹಾಗೆ ನನ್ನ ಹೊಟ್ಟೆಯ ಮೇಲೆ ಕಂದು ಬಣ್ಣದ ಒಂದು ಗೆರೆ ಮೂಡಿತು. ಆ ಬೆಂಕಿಯನ್ನೂ ದಾಟಿ ಬಂದೆವು. ಯಂತ್ರ ಬಿಲ್ಲೆಗಳನ್ನು ಒಂದೊಂದಾಗಿ ಒತ್ತಿತು. ನನ್ನದು ಬೇಗ ಟಕ್ ಎಂದಿತು, ಪರವಾಗಿಲ್ಲ. ಎರಡನೆಯದರ ಮೇಲೆ ಭಾರ ಏರಿತು, ಏರಿತು, ಏರುತ್ತಲೇ ಹೋಯಿತು. ಜೆಸಿಂತಾ ಶಾಂಭವಿಯ ಕೈ ಹಿಡಿದಿದ್ದರು. ಕೊನೆಗೂ ಮುರಿದಾಗ ಇಬ್ಬರೂ ಒಟ್ಟಿಗೆ ಕಿರುಚಿದರು. ಶಾಂಭವಿ ಕಟ್ಟಿ ಸರ್‌ಗೆ ಮೆಸೇಜ್ ಹಾಕಲಿಲ್ಲ, ಫೋನೇ ಮಾಡಿದಳು. "ಸರ್, ಹೊಂದೇತ್ರೀ! ಎರಡನೇದ ಸರ್, ಎರಡನೇದ!"

ಲೇಖನ ಅಚ್ಚಾಯಿತು, ಇಬ್ಬರ ಹೆಸರೂ ಅದರಲ್ಲಿದೆ. ಶಾಂಭವಿಗೆ ಡಾಕ್ಟರೇಟ್ ಬಂತು. ಅದಾದ ಮೇಲೂ ನಾವು ಎಷ್ಟೋ ಸಲ ಘಟ್ಟ ಹತ್ತಿ ಇಳಿದೆವು. ಒಂದು ದಿನ ಮಂಗಳೂರಿನ ಕುಲುಮೆಯಲ್ಲೇ ನನ್ನ ಪಕ್ಕೆ ಬಿರುಕು ಬಿಟ್ಟಿತು. ತಟ್ಟಿದರೆ ಟಣ್ ಇಲ್ಲ, ಟಪ್. ಎಸೆಯಲು ಜೆಸಿಂತಾಗೆ ಮನಸ್ಸಾಗಲಿಲ್ಲ. ಈಗ ಅವರ ಕಿಟಕಿಯ ಕಟ್ಟೆಯ ಮೇಲೆ ಇದ್ದೇನೆ. ಮೈಮೇಲೆ ಬಿಸಿಲು ಬೀಳುತ್ತದೆ. ಸಾವಿರದ ನಾನೂರರ ಮುಂದೆ ಅದು ಎಷ್ಟರದ್ದು, ಆದರೂ ಹಿತವಾಗಿದೆ.

ಆಗಾಗ ಧಾರವಾಡದಿಂದ ಶಾಂಭವಿಯ ಫೋನ್ ಬರುತ್ತದೆ. ಹೊಸ ಪುಡಿ, ಹೊಸ ಜಗಳ. "ಅಲ್ರೀ ಅಕ್ಕಾರ, ನಿಮ್ಮ ಲೆಕ್ಕ ತಪ್ಪೇತಿ, ಮತ್ತ ನೋಡ್ರಿ!" ಎಂಬ ದನಿ ಕೋಣೆ ತುಂಬುತ್ತದೆ. ಜೆಸಿಂತಾ ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದು, "ನಿಧಾನ ಮಾರಾಯ್ತಿ, ನನಗೆ ಇರುವುದು ಎರಡೇ ಕಿವಿ," ಎನ್ನುತ್ತಾರೆ. ಆಮೇಲೆ ಏನು ಮಾಡುತ್ತಾರೆ ಗೊತ್ತೇ? ಎದ್ದು, ಮೇಜಿನ ಈಚೆ ಬದಿಗೆ ಬಂದು, ಮತ್ತೆ ನೋಡುತ್ತಾರೆ.