ತುಳಿದ ಮಣ್ಣು

ಮಣ್ಣು ತುಳಿದು ಬಂದು ಸ್ನಾನಕ್ಕೆ ಬನಿಯನ್ ಕಳಚಿದ ಗುರುಪುತ್ರಪ್ಪನ ಕೈ ರೂಢಿಯಂತೆ ಎದೆಗೆ ಹೋಯಿತು. ಅಲ್ಲಿ ಇಷ್ಟಲಿಂಗವಿರಲಿಲ್ಲ. ಹರಿದ ಶಿವದಾರವೊಂದೇ ಬೆವರಿಗೆ ಅಂಟಿಕೊಂಡು ಉಳಿದಿತ್ತು.

ಅವನು ಬರಿಮೈಯಲ್ಲೇ ಮಣ್ಣಿನ ಹೊಂಡದ ಕಡೆಗೆ ಓಡಿದ. ಖಾನಾಪುರದಲ್ಲಿ ಅವನು ಕಲಿಯುತ್ತಿದ್ದ ಕುಂಬಾರಿಕೆ ಶಾಲೆಯ ಹಿತ್ತಲಲ್ಲಿ ಮಳೆಗಾಲವಿಡೀ ಕೊಳೆಹಾಕಿದ್ದ ಜೇಡಿಮಣ್ಣು ಅದು. ಕೊಳೆತಷ್ಟೂ ಮಣ್ಣು ಹದವಾಗುತ್ತದೆ ಎನ್ನುತ್ತಾರೆ. ವಾಸನೆ ಮಾತ್ರ ಸತ್ತ ಇಲಿಯದು. ಆ ಹೊಲಸಿನೊಳಗೆ ಎಲ್ಲಿಯೋ ಅವನ ಲಿಂಗ ಬಿದ್ದಿತ್ತು. ನಾಳೆ ಬೆಳಗಾದರೆ ಆ ಮಣ್ಣೆಲ್ಲ ಹಂಚಿನ ಅಚ್ಚಿಗೆ ಹೋಗುವುದಿತ್ತು.

"ಮಠದಾಗ ಅಯ್ಯನೋರು ಅದಾರ. ಇನ್ನೊಂದು ಕಟ್ಟಿಸ್ಕೋ, ತಮ್ಮಾ," ಎಂದಳು ಅಡುಗೆಯ ಗೌರವ್ವ.

"ಇದು ಹುಟ್ಟಿದಾಗ ಕಟ್ಟಿದ್ದಬೇ. ಅದಕ್ಕ ಸುತ್ತಿದ್ದ ವಸ್ತ್ರ ಅಪ್ಪ ನೇಯ್ದದ್ದು. ಅದನ್ನ ಯಾವ ಮಠದಾಗ ಕೊಡ್ತಾರ? ಅದು ಸಿಗೂತನಕ ನಾ ನೀರೂ ಕುಡಿಯಂಗಿಲ್ಲ."

ಅವನ ತಂದೆ ಹೋದ ತಿಂಗಳಷ್ಟೇ ಬೆಳಗಾವಿಯ ವಡಗಾವಿಯಲ್ಲಿ ತೀರಿಕೊಂಡಿದ್ದರು. ಅವರ ಲಿಂಗ ಅವರ ಅಂಗೈಯಲ್ಲಿದ್ದುಕೊಂಡೇ ಮಣ್ಣಿಗೆ ಹೋಗಿತ್ತು. ಅವರು ಮಗ್ಗದಿಂದ ಕೊನೆಗೆ ಇಳಿಸಿದ್ದು ಮಗನ ಲಿಂಗಕ್ಕೆಂದು ನೇಯ್ದ ಆ ಅಂಗೈಯಗಲದ ಬಿಳಿ ಬಟ್ಟೆ.

ಹುಡುಕುವುದಕ್ಕೆ ಅವನ ಕೋಣೆಯ ಇಬ್ಬರೂ ಬಂದರು. ಸೋಮಪಾಲ ಲಂಕೆಯವನು, ಹರ್ಕ ನೇಪಾಳದವನು. ಇಬ್ಬರನ್ನೂ ಅವರವರ ಸರಕಾರಗಳು ಈ ವಿದ್ಯೆ ಕಲಿತು ಬರಲು ಕಳಿಸಿದ್ದವು. ಗೌರವ್ವನ ಬಾಯಿಂದಲೇ ಅವರು ಕನ್ನಡ ಕಲಿತಿದ್ದರು. ಗುರುಪುತ್ರಪ್ಪನಿಗೆ ಅವರಿಬ್ಬರ ಸಹವಾಸ ಒಗ್ಗಿರಲಿಲ್ಲ. ಹರ್ಕ ತಂಬಾಕು ಅಗಿದು ಕಿಟಕಿಯಿಂದ ಉಗುಳುತ್ತಿದ್ದ. ಸೋಮಪಾಲ ರವಿವಾರ ಬೆಳಗಾವಿಯ ಕ್ಯಾಂಪಿನ ಪೇಟೆಗೆ ಹೋಗಿ ಒಣಮೀನು ತಂದು ಮಂಚದ ಕೆಳಗೆ ಇಡುತ್ತಿದ್ದ. ಆ ನಾತಕ್ಕೆ ಗುರುಪುತ್ರಪ್ಪ ಪೂಜೆಯನ್ನು ಪಡಸಾಲೆಗೆ ಒಯ್ದಿದ್ದ. ಮಣ್ಣು ತುಳಿಯುವಾಗ ಹಿಂದಿನವನು ಮುಂದಿನವನ ಹೆಗಲು ಹಿಡಿಯುವುದು ವಾಡಿಕೆ. ಸೋಮಪಾಲ ಹಿಡಿದ ಹೆಗಲನ್ನು ಅವನು ಆಮೇಲೆ ತಿಕ್ಕಿ ತೊಳೆಯುತ್ತಿದ್ದ.

ಮೂವರೂ ದಂಡೆಯ ಮೇಲೆ ಬೋರಲಾಗಿ ಮಲಗಿ, ಮೊಳಕೈವರೆಗೆ ಕೈ ಇಳಿಸಿ, ಮಣ್ಣನ್ನು ಹಿಡಿ ಹಿಡಿಯಾಗಿ ಹಿಸುಕಿದರು. ಬಿಸಿಲು ಇಳಿಯುತ್ತ ಬಂತು. ನಡುವಿನ ಮಣ್ಣಿಗೆ ಕೈ ಎಟುಕಲೇ ಇಲ್ಲ.

"ಕೈ ಕುರುಡು, ಗುರು," ಎಂದ ಸೋಮಪಾಲ. "ಮಣ್ಣಾಗ ಹರಳು ಎಲ್ಲಿ ಐತಿ, ತುಳಿಯೂ ಕಾಲಿಗೆ ಗೊತ್ತು. ತುಳಿಯೂಣು."

"ಲಿಂಗಾ ತುಳಿಯೂದು? ಮೀನ ತಿನ್ನೂ ಬಾಯಿಲೆ ಅದರ ಮಾತ ಆಡಬ್ಯಾಡ."

ಸೋಮಪಾಲ ತಲೆ ತಗ್ಗಿಸಿದ. ಹರ್ಕ ಕೈಯ ಮಣ್ಣು ಕೊಡವಿ, "ಇವತ್ತು ಅಂವನ ಬಾಯಾಗ ಏನೂ ಹೋಗಿಲ್ಲ. ನನ್ನ ಬಾಯಾಗೂ ಇಲ್ಲ, ತಂಬಾಕ ಸೈತ," ಎಂದ.

"ಉಪಾಸ ಇರ್ರಿ ಅಂತ ನಿಮಗ ಯಾರು ಹೇಳಿದ್ರು?"

"ಒಬ್ಬ ಉಪಾಸ, ಇಬ್ರು ಉಣ್ಣೂದು, ನಮ್ಮ ಊರಾಗ ಇಲ್ಲ."

"ಮೂರೂ ತಾಟು ಮುಚ್ಚಿಟ್ಟೀನೋ," ಎಂದು ಗೌರವ್ವ ಒಳಗಿನಿಂದಲೇ ಕೂಗಿದಳು. "ರೊಟ್ಟಿ ಬಡಿಗಿ ಆಗ್ಯಾವ."

ಹೊತ್ತು ಮುಳುಗುತ್ತಿತ್ತು; ಬೆಳಗಾದರೆ ಮಣ್ಣು ಅಚ್ಚಿಗೆ ಹೋಗುತ್ತಿತ್ತು. ಗುರುಪುತ್ರಪ್ಪ ಪಾಯಿಜಾಮ ಮೊಣಕಾಲಿಗೆ ಮಡಚಿ, "ಶಿವನೇ, ತಪ್ಪು ನನ್ನ ಮ್ಯಾಲಿರಲಿ," ಎಂದು ಮೊದಲು ತಾನೇ ಇಳಿದ. ಹಿಂದೆ ಸೋಮಪಾಲ, ಅವನ ಹಿಂದೆ ಹರ್ಕ. ಹೆಗಲ ಮೇಲೆ ಕೈ ಬಿತ್ತು. ಅಷ್ಟು ಹೊಲಸಿನ ನಡುವೆಯೂ ಆ ಕೈಯ ಮೀನಿನ ನಾತವೇ ಮೊದಲು ಮೂಗಿಗೆ ಹೊಡೆದಂತಾಯಿತು. ಅವನು ಆ ಕೈಯನ್ನು ಕೊಡವದೆ ತುಳಿದ.

ಹೆಗಲ ಮೇಲಿನ ಕೈ ಒಮ್ಮೆಲೇ ಬಿಗಿಯಾಯಿತು.

"ಅದರ ಮ್ಯಾಲ ನಿಂತೀನಿ," ಎಂದ ಸೋಮಪಾಲ. "ನಾ ಕಾಲು ಎತ್ತಂಗಿಲ್ಲ. ಎತ್ತಿದ್ರ ಆ ಕಡೆ ಸರೀತೈತಿ. ಕೈ ಹಾಕು."

ಗುರುಪುತ್ರಪ್ಪ ಮಣ್ಣಿನಲ್ಲಿ ಮೊಣಕಾಲೂರಿದ. ಲೋಳೆಯೊಳಗೆ ಅವನ ಬೆರಳಿಗೆ ಮೊದಲು ಸಿಕ್ಕಿದ್ದು ಸೋಮಪಾಲನ ಬಿರುಕುಬಿಟ್ಟ ಹಿಮ್ಮಡಿ. ಅದರ ಕೆಳಗೆ ಬಟ್ಟೆ, ಬಟ್ಟೆಯೊಳಗೆ ಗಟ್ಟಿ ಗುಂಡು. ಅದು ಕೈಗೆ ಬರುವವರೆಗೆ ಸೋಮಪಾಲ ಉಸಿರು ಬಿಡಲಿಲ್ಲ.

ಬಾವಿಕಟ್ಟೆಯ ಮೇಲೆ ಗುರುಪುತ್ರಪ್ಪ ಮೈ ತೊಳೆದು, ಲಿಂಗ ತೊಳೆದು, ವಸ್ತ್ರ ಒಗೆದ. ಎಷ್ಟು ಒಗೆದರೂ ಬಟ್ಟೆಗೆ ಬಿಳುಪು ಮರಳಲಿಲ್ಲ. ಪೂಜೆಗೆ ಕುಳಿತಾಗ ವಿಭೂತಿಯ ವಾಸನೆಯೊಳಗೂ ಕೊಳೆತ ಮಣ್ಣಿನ ವಾಸನೆ ಇತ್ತು. ಕಣ್ಣು ಮುಚ್ಚಿದರೆ ಆ ಹಿಮ್ಮಡಿಯೇ ಕಾಣುತ್ತಿತ್ತು.

ಪೂಜೆ ಮುಗಿಸಿ, ಉಳಿದ ನೀರಿನ ಚೊಂಬು ಹಿಡಿದು ಹೊರಗೆ ಬಂದ. ಹರ್ಕ ತಾಟಿನ ಮುಂದೆ ಕುಳಿತಾಗಿತ್ತು. ಸೋಮಪಾಲ ಇನ್ನೂ ಹಿತ್ತಲ ಮೆಟ್ಟಿಲಿನ ಮೇಲಿದ್ದ. ಒಂದು ಕಾಲು ತೊಳೆದಿತ್ತು. ಇನ್ನೊಂದು ಕಾಲಿಗೆ ಮೀನಖಂಡದವರೆಗೆ ಮಣ್ಣು ಮೆತ್ತಿತ್ತು. ಅದನ್ನು ನೆಲಕ್ಕೆ ತಾಗಿಸದೆ ಎತ್ತಿ ಹಿಡಿದುಕೊಂಡಿದ್ದ.

"ಊಟಕ್ಕ ಬರಂಗಿಲ್ಲೇನು?"

"ಈ ಕಾಲು, ಗುರು. ನಿನ್ನ ದೇವ್ರು ಇದರ ಕೆಳಗ ಇತ್ತು. ಇದನ್ನ ತೊಳದ ನೀರು ಮೋರಿಗೆ ಬಿಡಬಹುದಾ? ಕೇಳೂಣು ಅಂತ ಕುಂತೆ."

ಗುರುಪುತ್ರಪ್ಪ ಅವನ ರಟ್ಟೆ ಹಿಡಿದು, ತಾನು ದಿನವೂ ಪೂಜೆಯ ನೀರು ಸುರಿಯುತ್ತಿದ್ದ ದಾಸವಾಳದ ಗಿಡದ ಬುಡಕ್ಕೆ ಕರೆತಂದ. ಒಂಟಿಕಾಲಿನಲ್ಲಿ ಕುಂಟುತ್ತ ಬಂದ ಸೋಮಪಾಲ ಪಾತಿಯ ಮೇಲೆ ಕಾಲು ಚಾಚಿದ. ಗುರುಪುತ್ರಪ್ಪ ಮುಖ ಆಚೆ ತಿರುಗಿಸಿ ಚೊಂಬು ಬಾಗಿಸಿದ. ಒಣಗಿದ ಮಣ್ಣು ಬರಿಯ ನೀರಿಗೆ ಬಿಡಲಿಲ್ಲ. ಅವನು ಚೊಂಬು ಕೆಳಗಿಟ್ಟು ಕುಕ್ಕರಗಾಲಿನಲ್ಲಿ ಕುಳಿತ. ಎಡಗೈಯಿಂದ ಮೂಗು ಮುಚ್ಚಿಕೊಂಡು, ಬಲಗೈಯಿಂದ ಆ ಹಿಮ್ಮಡಿಯನ್ನು ತಿಕ್ಕತೊಡಗಿದ.