ಹಾಲುಬಣ್ಣದ ಹಾಸು

"ಇಪ್ಪತ್ತು ವರ್ಷದಾಗ ಇಂಥಾ ಅಳತಿ ನಾ ನೇಯ್ದಿಲ್ರಿ ಮೇಡಮ್ಮಾರ," ಎಂದಳು ರುಬಿಯಾ. "ಒಂದ್ ಕಡೆ ಉಬ್ಬು, ಒಂದ್ ಕಡೆ ತಗ್ಗು. ಇದೇನು ಕೂಸಿನ ಅಂಗೀನೋ, ಕುದರಿ ಜೀನೋ?"

ಸುಮಂಗಲಾ ನಗಲಿಲ್ಲ. ಗಡಿಯಾರ ನೋಡಿಕೊಂಡಳು. ಒಂಬತ್ತು ದಾಟಿತ್ತು. ಎಂಟಕ್ಕೆಲ್ಲ ಮೊರಬದಲ್ಲಿರುತ್ತೇನೆಂದು ಅಕ್ಕ ಭಾಗ್ಯಾಳಿಗೆ ಮಾತು ಕೊಟ್ಟಿದ್ದಳು. ಹುಬ್ಬಳ್ಳಿಯಿಂದ ನೇರ ಅಲ್ಲಿಗೆ ಹೋಗಬೇಕಾದವಳು ಈ ಜಮಖಾನೆಗಾಗಿ ನವಲಗುಂದದ ದಾರಿ ಹಿಡಿದಿದ್ದಳು. ಅದನ್ನು ಅಕ್ಕನಿಗೆ ಹೇಳಿರಲಿಲ್ಲ.

ಮೂರು ವಾರದ ಹಿಂದೆ, ಕಾರಿನೊಳಗೆ ಕಾಲಿಡುವ ಜಾಗದ ಆಕಾರಕ್ಕೆ ಹಳೆಯ ಪತ್ರಿಕೆ ಕತ್ತರಿಸಿ ರುಬಿಯಾಳ ಕೈಗೆ ಕೊಟ್ಟುಹೋಗಿದ್ದಳು. ಆ ಅಳತೆಗೆ ನಾಲ್ಕು ತುಂಡು. ಮೂರು ಮುಗಿದಿದ್ದವು. ನಾಲ್ಕನೆಯದರ ಕುಚ್ಚು ಕಟ್ಟುವುದು ಉಳಿದಿತ್ತು.

"ನವಿಲಿನ ಚಿತ್ತಾರ ಇಲ್ಲೇನು?"

"ಹಾಕಿಲ್ರಿ. ನವಿಲಿನ ಮ್ಯಾಲೆ ಚಪ್ಪಲಿ ಇಡತೀರಂದ್ರ ಕೈ ಬರಲಿಲ್ಲ. ಬರೇ ಪಟ್ಟಿ ಹಾಕೀನಿ." ರುಬಿಯಾ ದಾರವನ್ನು ಹಲ್ಲಿನಿಂದ ಕಡಿದಳು. "ಮಂದೀನ ಕುಂದರಸಾಕ ಜಮಖಾನಿ ಹಾಸ್ತಾರ್ರಿ. ನೀವು ಮಂದಿ ಕೈಯಾಗಿಂದ ನೆಲಾ ಉಳಸಾಕ ಹಾಸಾಕ ಹತ್ತೀರಿ."

ಕುಹಕವೋ, ಬರಿಯ ಮಾತೋ ತಿಳಿಯಲಿಲ್ಲ. ಸುಮಂಗಲಾ ನಾಲ್ಕೂ ತುಂಡುಗಳನ್ನು ಎದೆಗವುಚಿಕೊಂಡು ಕಾರಿಗೆ ಬಂದಳು.

ಕಾರಿಗೆ ನಾಲ್ಕು ತಿಂಗಳು. ಒಳಗಿನ ನೆಲಹಾಸು, ಹಾಲಿಗೆ ಒಂದು ಹನಿ ಚಹಾ ಬಿದ್ದರೆ ಬರುವ ಬಣ್ಣದ್ದು. "ಕರೇದು ತೊಗೋರಿ ಮೇಡಂ, ನಮ್ಮ ಕಡಿ ಮಣ್ಣಿಗೆ ಅದ ಚಲೋ," ಎಂದಿದ್ದ ಷೋರೂಮಿನವನು. 'ನಮ್ಮ ಕಡಿ ಮಣ್ಣು' ಎಂಬ ಮಾತೇ ಅವಳನ್ನು ತಿಳಿಬಣ್ಣದ ಕಡೆ ನೂಕಿತ್ತು. ಅವಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಯಾವ ಕಲೆಗೆ ಯಾವ ಮದ್ದು ಎಂಬುದು ನಾಲಗೆಯ ತುದಿಯಲ್ಲಿತ್ತು. ಚಹಾಕ್ಕೆ ವಿನೆಗರ್. ಎಣ್ಣೆಗೆ ಅಡಿಗೆ ಸೋಡಾ. ಅರಿಶಿನಕ್ಕೆ ಬಿಸಿಲು. ಸಹೋದ್ಯೋಗಿಗಳು ಕಾರು ಹತ್ತುವಾಗ ಕಾಲು ಝಾಡಿಸಿಕೊಳ್ಳುವುದನ್ನು ಕಲಿತಿದ್ದರು. ಆಮೇಲೆ ಹತ್ತುವುದನ್ನೇ ಬಿಟ್ಟರು.

ಹಾಸಿನ ಮೇಲೆ ಪ್ಲಾಸ್ಟಿಕ್ ಇತ್ತು. ಅದರ ಮೇಲೆ ಈಗ ಜಮಖಾನೆ ಬಂತು. ಜಮಖಾನೆ ಹೊಸದಲ್ಲವೇ, ಅದರ ಮೇಲೆ ಪತ್ರಿಕೆ ಹರಡಿದಳು. ಕೆಳಗೆಲ್ಲೋ ಆ ಹಾಲುಬಣ್ಣ ಇರಬೇಕು. ನಾಲ್ಕು ತಿಂಗಳಲ್ಲಿ ಅವಳೂ ಅದನ್ನು ಸರಿಯಾಗಿ ನೋಡಿರಲಿಲ್ಲ.

ಮೊರಬದಲ್ಲಿ ಹಿಂದಿನ ದಿನವೆಲ್ಲ ಮಳೆ ಬಿದ್ದಿತ್ತು. ಓಣಿಯಲ್ಲಿ ಎರೆಮಣ್ಣು ಹದವಾಗಿ ನಾದಿದ ಹಿಟ್ಟಿನಂತೆ ಬಿದ್ದುಕೊಂಡಿತ್ತು. ಸುಮಂಗಲಾ ಕಾರನ್ನು ಡಾಂಬರಿನ ಮೇಲೆಯೇ ನಿಲ್ಲಿಸಿ ಹಾರ್ನ್ ಮಾಡಿದಳು. ಅಕ್ಕನ ಬಾಜೂ ಮನೆಯ ಹನಮವ್ವ ಕೊಡ ಹೊತ್ತು ಹೋಗುತ್ತಿದ್ದವಳು ಕಿಟಕಿಯಲ್ಲಿ ಇಣುಕಿದಳು.

"ಏನ್ ಬೇ ಸುಮಿ, ಗಾಡ್ಯಾಗ ಜಮಖಾನಿ ಹಾಸಿಯಲ್ಲ! ಬೀಗರು ಬರಾವ್ರದಾರೇನ?"

"ಇಲ್ಲ ಕಾಕಿ. ಅಕ್ಕನ್ನ ದವಾಖಾನಿಗೆ ಕರಕೊಂಡು ಹೊಂಟೀನಿ."

"ಬಾಗಿಲದಾಗ ಮುಂಜಾನಿಂದ ಕುಂತಾಳ ನೋಡು ಪಾಪ. ಇಳದು ಬಂದರ ಮಣ್ಣೇನು ನಿನ್ನ ತಿಂತಿತ್ತ?"

ಸುಮಂಗಲಾ ಫೋನು ನೋಡತೊಡಗಿದಳು.

ಭಾಗ್ಯಾ ಗೋಡೆ ಹಿಡಿದುಕೊಂಡು ಬಂದಳು. ಒಗೆದ ಸೀರೆ. ತೊಳೆದ ಚಪ್ಪಲಿ ಕೈಯಲ್ಲಿ. ಬಗಲಲ್ಲಿ ನಾಲ್ಕು ಮಡಿಕೆ ಮಾಡಿದ ಗೊಬ್ಬರದ ಚೀಲ. ಡಾಂಬರಿಗೆ ಬಂದ ಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಕಡ್ಡಿಯಿಂದ ಅಂಗಾಲು ಕೆರೆದುಕೊಂಡಳು, ಬಾಟಲಿಯ ನೀರು ಹಾಕಿ ತೊಳೆದುಕೊಂಡಳು, ಸೆರಗಿನಿಂದ ಒರೆಸಿಕೊಂಡಳು. ಎಲ್ಲ ಮೊದಲೇ ಯೋಚಿಸಿ ತಂದಂತಿತ್ತು. ಸೀಟಿನ ಮೇಲೆ ಚೀಲ ಹಾಸಿ, ಅದರ ಮೇಲೆ ಕುಳಿತಳು.

"ಹೊತ್ತಾತಲ್ಲ ಸುಮಿ."

"ಟ್ರಾಫಿಕ್ ಇತ್ತಕ್ಕ."

"ಹೌದಾ," ಎಂದಳು ಭಾಗ್ಯಾ. ಕಾಲ ಕೆಳಗಿನ ಪತ್ರಿಕೆ ಸರಿಸಿ, ಜಮಖಾನೆಯ ಹೊಸ ಕುಚ್ಚನ್ನು ಒಮ್ಮೆ ಬೆರಳಿನಿಂದ ಮುಟ್ಟಿ, ಮತ್ತೆ ಮುಚ್ಚಿದಳು. ಹೊಸ ನೂಲಿನ ವಾಸನೆ ಕಾರಿನ ತುಂಬ ಇತ್ತು.

ಎರಡು ತಿಂಗಳಿಂದ ಅವಳಿಗೆ ಮುಟ್ಟು ನಿಂತಿರಲಿಲ್ಲ. ಹೋದ ವಾರ ಹೆಸರುಕಾಯಿ ಬಿಡಿಸಲು ಹೋದವಳು ಹೊಲದಲ್ಲೇ ತಲೆ ತಿರುಗಿ ಬಿದ್ದಿದ್ದಳು. ಹುಬ್ಬಳ್ಳಿಯ ಡಾಕ್ಟರು ರಿಪೋರ್ಟು ನೋಡಿ, ತಡಮಾಡಬೇಡಿ ಎಂದಿದ್ದರು. ಹನ್ನೊಂದೂವರೆಗೆ ಬರಹೇಳಿದ್ದರು. ಆ ಕಾಗದಗಳು ಸುಮಂಗಲಾಳ ಬ್ಯಾಗಿನಲ್ಲಿದ್ದವು.

"ಕಾಲು ಊರಿ ಕೂಡಕ್ಕ."

"ಊರೇನಿ."

ಊರಿರಲಿಲ್ಲ. ಹಿಮ್ಮಡಿ ಎತ್ತಿ, ಬೆರಳ ತುದಿಯ ಮೇಲೆ ಕುಳಿತಿದ್ದಳು. ಸುಮಂಗಲಾ ನೋಡಿದಳು. ಇನ್ನೊಮ್ಮೆ ಹೇಳಬೇಕು ಅನ್ನಿಸಿತು. ಹೇಳದೆ ಗೇರು ಬದಲಿಸಿದಳು.

ಅಜ್ಜಿ ಸಾವಕ್ಕ ಹೇಳುತ್ತಿದ್ದ ಕತೆಗಳಲ್ಲಿ ಯಾವಾಗಲೂ ಅಕ್ಕತಂಗಿಯರಿಬ್ಬರು ಇರುತ್ತಿದ್ದರು. ಒಬ್ಬಳು ಅರಮನೆಗೆ, ಒಬ್ಬಳು ಅಡವಿಗೆ. ಒಂದೇ ಕೌದಿಯೊಳಗೆ ಮಲಗಿ ಯಾರು ಎಲ್ಲಿಗೆಂದು ಸುಮಂಗಲಾ, ಭಾಗ್ಯಾ ಜಗಳಾಡುತ್ತಿದ್ದರು. "ಅರಮನಿ ನೀ ತಗೋ ಸುಮಿ, ನನಗ ಅಡವ್ಯಾಗ ಬಾರಿಹಣ್ಣು ಸಿಗತಾವ," ಎಂದು ಕೊನೆಗೆ ಸೋಲುವವಳು ಭಾಗ್ಯಾಳೇ. ಏಳನೆಯದಕ್ಕೆ ಶಾಲೆ ಬಿಟ್ಟು ಕಳೆ ತೆಗೆಯಲು ಹೋದಾಗಲೂ ಹೀಗೇ ಏನೋ ನಗೆಯಾಡಿದ್ದಳು. ಅವಳ ಕೂಲಿಯಲ್ಲಿ ತಂಗಿಯ ಪುಸ್ತಕಗಳು ಬಂದವು.

ಎಂಟನೆಯದರಲ್ಲಿ ಸುಮಂಗಲಾ ಗೆಳತಿ ನೇತ್ರಾಳ ಮನೆಗೆ ಹೋಗಿದ್ದಳು. ಪಡಸಾಲೆಯಲ್ಲಿ ಕುಳಿತು ಲೆಕ್ಕ ಬಿಡಿಸಿ ಎದ್ದಳು. ಹೊರಬಂದು ಚಪ್ಪಲಿ ಮೆಟ್ಟುವಾಗ ತಿರುಗಿ ನೋಡಿದರೆ, ನೇತ್ರಾಳ ಅಜ್ಜಿ ಅವಳು ಕುಳಿತ ಜಾಗಕ್ಕೆ ತಂಬಿಗೆಯಿಂದ ನೀರು ಚಿಮುಕಿಸುತ್ತಿದ್ದಳು. ಬೈಗುಳವಿಲ್ಲ, ಸಿಟ್ಟಿಲ್ಲ. ಗಿಡಕ್ಕೆ ನೀರು ಹಾಕುವವರ ಮುಖ. ಮನೆಗೆ ಬಂದು ಅತ್ತಾಗ ಭಾಗ್ಯಾ ಹೇಳಿದ್ದಳು: "ನೆಲಕ್ಕ ನೀರಡಿಕಿ ಆಗಿತ್ತೇನೋ, ಬಿಡು."

"ಚಲೋ ಐತಿ ಗಾಡಿ," ಎಂದಳು ಭಾಗ್ಯಾ. ಅವಳ ಹಣೆಯ ಮೇಲೆ ಬೆವರಿತ್ತು. "ಅಗದಿ ಸಾಹೇಬ್ರ ಮನಿ ಇದ್ದಂಗ ಐತಿ."

"ನಿದ್ದಿ ಮಾಡಕ್ಕ. ಇನ್ನೂ ತಾಸು ಬೇಕು."

"ನಿದ್ದಿ ಹತ್ತಿದರ ಕಾಲು ಜಾರತಾವ."

ತಿರ್ಲಾಪುರ ಹಿಂದಾಯಿತು. ಎರಡೂ ಬದಿಗೆ ಹತ್ತಿಯ ಹೊಲ. ಸುಮಂಗಲಾ ಹಾಡು ಹಚ್ಚಿದಳು, ಆರಿಸಿದಳು.

"ಸುಮಿ, ನಿಂದರಸು."

"ಏನಾತು?"

"ನಿಂದರಸಂದ್ರ ನಿಂದರಸು."

ಕಾರು ನಿಲ್ಲುವ ಮೊದಲೇ ಭಾಗ್ಯಾ ಬಾಗಿಲು ತೆರೆದಳು. ಇಳಿದು, ಸೀರೆಯ ಹಿಂಬದಿಯನ್ನು ಮುಷ್ಟಿಯಲ್ಲಿ ಹಿಡಿದು, ಕಾರಿಗೆ ಮುಖಮಾಡಿ ನಿಂತಳು. ಮುಖ ಬೂದಿಯಾಗಿತ್ತು.

ಸುಮಂಗಲಾ ಅಕ್ಕನ ಮುಖ ನೋಡಬೇಕಾಗಿತ್ತು. ಸೀಟು ನೋಡಿದಳು.

ಚೀಲ ಜಾರಿತ್ತು. ಪತ್ರಿಕೆ ಮುದುಡಿತ್ತು. ಪ್ಲಾಸ್ಟಿಕ್ಕಿನ ಮೇಲೆ ಜಮಖಾನೆಯೂ ಸರಿದು, ಪ್ಲಾಸ್ಟಿಕ್ಕೂ ಮಡಚಿಕೊಂಡು, ಅಂಗೈಯಗಲದ ನೆಲ ಬಯಲಾಗಿತ್ತು. ಅದರ ನಡುವೆ ಒಂದು ಹನಿ.

ತಣ್ಣೀರು, ಎಂದಿತು ತಲೆ. ತಣ್ಣೀರು ಮತ್ತು ಉಪ್ಪು. ಬಿಸಿ ಹಾಕಬಾರದು. ಬಿಸಿ ಹಾಕಿದರೆ ರಕ್ತ ಕೂತುಬಿಡುತ್ತದೆ.

ಅಕ್ಕ ಎಂಬ ಶಬ್ದ ಅದರ ನಂತರ ಬಂತು. ಬಹಳ ನಂತರವಲ್ಲ, ಅರೆಗಳಿಗೆ.

"ಏನಿಲ್ಲಕ್ಕ, ಕೂಡು. ದವಾಖಾನಿ ಹತ್ರ ಬಂತು. ಬಾ, ಕೂಡು."

ದನಿ ಸರಿಯಾಗಿಯೇ ಇತ್ತು. ಭಾಗ್ಯಾ ಕದಲಲಿಲ್ಲ. ಅವಳು ತಂಗಿಯ ಕೈಗಳನ್ನು ನೋಡುತ್ತಿದ್ದಳು. ಸುಮಂಗಲಾ ತಾನೂ ನೋಡಿದಳು. ತನ್ನ ಎರಡೂ ಕೈ, ಯಾರೂ ಹೇಳದೆ, ಹಿಂದಿನ ಸೀಟಿನ ಪತ್ರಿಕೆಯ ಕಟ್ಟು ಬಿಚ್ಚಿ ಅಕ್ಕ ಕೂರುವ ಜಾಗದಲ್ಲಿ ಹಾಳೆಯ ಮೇಲೆ ಹಾಳೆ ಹಾಸುತ್ತಿದ್ದವು. ಅಂಚು ಒತ್ತಿ, ಮೂಲೆ ಜೋಡಿಸಿ, ಒಪ್ಪವಾಗಿ.

"ನಿನ್ನ ಬಾಯಿಗಿಂತ ಕೈ ಮೊದಲ ಮಾತಾಡ್ತಲ್ಲ," ಎಂದಳು ಭಾಗ್ಯಾ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು.

"ಅಕ್ಕಾ, ಹಂಗಲ್ಲ..."

"ಇರಲಿ ಬಿಡು. ನೀ ಮುಂದ ಹೋಗು, ನಾ ಬಸ್ಸಿಗೆ ಬರತೀನಿ. ನಮಗೇನು ಬಸ್ ಪುಕ್ಕಟ ಐತಿ."

"ಹುಚ್ಚಿ ಇದ್ದೀಯೇನು? ಈ ಸ್ಥಿತ್ಯಾಗ?"

"ಬಸ್ಸಿನ್ಯಾಗ ಎಲ್ಲಾರೂ ಎಲ್ಲಾನೂ ಚೆಲ್ಲಿರ್ತಾರ. ಕಾಲು ಊರಿ ಕುಂದರತೀನಿ."

ಬಸ್ಸು ಬರುತ್ತಲೇ ಇತ್ತು. ಅದು ಬರದಿದ್ದರೆ ಮಾತು ಬೇರೆಯಾಗುತ್ತಿತ್ತೋ ಏನೋ. ಭಾಗ್ಯಾ ಕೈ ಮಾಡಿದಳು. ಬಸ್ಸು ಅವರನ್ನು ದಾಟಿ, ಸ್ವಲ್ಪ ಮುಂದೆ ಹೋಗಿ ನಿಂತಿತು. ಅವಳು ನಿಧಾನ ನಡೆದಳು. ಸುಮಂಗಲಾ ಸ್ಟಿಯರಿಂಗ್ ಹಿಡಿದು ಕುಳಿತೇ ಇದ್ದಳು. ಬಾಗಿಲಲ್ಲಿ ಹೆಂಗಸೊಬ್ಬಳು ಬಗ್ಗಿ ಭಾಗ್ಯಾಳ ರಟ್ಟೆ ಹಿಡಿದು ಮೇಲೆಳೆದುಕೊಂಡಳು. ಹಿಂದಿನ ಕಿಟಕಿಯಲ್ಲಿ ಇನ್ನೊಬ್ಬಳು ಎದ್ದು ಜಾಗ ಬಿಟ್ಟಳು. ಮತ್ತೊಬ್ಬಳು ತನ್ನ ಹೆಗಲ ಮೇಲಿನ ಟವೆಲ್ಲು ತೆಗೆದು, ಏನೂ ಕೇಳದೆ, ಅವಳ ಸೊಂಟಕ್ಕೆ ಸುತ್ತಿದಳು.

ಕಾಗದ! ರಿಪೋರ್ಟುಗಳೆಲ್ಲ ಇಲ್ಲೇ ಇದ್ದವು.

ಸುಮಂಗಲಾ ಬ್ಯಾಗಿನಿಂದ ಫೈಲು ಕಿತ್ತುಕೊಂಡು ಇಳಿದಳು. ಎದುರಿಗೆ ಲಾರಿ ಬಂದುದರಿಂದ ಡಾಂಬರು ಬಿಟ್ಟು ಅಂಚಿಗೆ ಓಡಿದಳು. ಎರಡನೆಯ ಹೆಜ್ಜೆಗೆ ಎರೆ ಬೂಟು ಹಿಡಿಯಿತು. ನಾಲ್ಕನೆಯದಕ್ಕೆ ಎರಡೂ ಕಾಲು ನೀರು ತುಂಬಿದ ಕೊಡದಷ್ಟು ಭಾರವಾದವು. "ಅಕ್ಕಾ!" ಎಂದಳು. ಹೊಲದಲ್ಲಿ ಯಾರೋ ತಲೆಯೆತ್ತಿ ನೋಡಿದರು. ಬಸ್ಸು ಹೊಗೆ ಬಿಟ್ಟು ಹೊರಟುಹೋಯಿತು. ಭಾಗ್ಯಾಳ ತಲೆ ಪಕ್ಕದವಳ ಹೆಗಲಿಗೆ ಒರಗಿದ್ದು ಕಂಡಿತು. ತಿರುಗಿ ನೋಡಿದಂತೆ ಕಾಣಲಿಲ್ಲ.

ಹಿಂಬಾಲಿಸಬೇಕು. ಹತ್ತು ನಿಮಿಷದಲ್ಲಿ ಬಸ್ಸು ಹಿಡಿಯಬಹುದು, ಅಡ್ಡಗಟ್ಟಬಹುದು, ಕಾಲು ಹಿಡಿಯಬಹುದು. ಫೈಲು ಎದೆಗೊತ್ತಿಕೊಂಡು ಕಾರಿಗೆ ಬಂದಳು. ಸೀಟಿನ ಮೇಲೆ ಕುಳಿತಳು. ಎಂಜಿನ್ ಚಾಲೂ ಇತ್ತು. ಇನ್ನು ಕಾಲು ಒಳಗೆಳೆದುಕೊಂಡರೆ ಆಯಿತು.

ಎಳೆದುಕೊಳ್ಳಲಿಲ್ಲ.

ಒಂದು ಬೂಟನ್ನು ಇನ್ನೊಂದಕ್ಕೆ ಉಜ್ಜಿದಳು. ಒಂದರ ಮಣ್ಣು ಇನ್ನೊಂದಕ್ಕೆ ಹತ್ತಿತು. ಬೂಟು ಬಿಚ್ಚಿ ಎಸೆದಳು. ಕಾಲುಚೀಲದ ಮೇಲೂ, ಹಿಮ್ಮಡಿಯ ಮೇಲೂ, ಪ್ಯಾಂಟಿನ ಅಂಚಿಗೂ ಅದೇ ಕಪ್ಪು. ಆಚೆ ಬದಿಯ ಹಾಸಿನ ಮೇಲೆ ಹನಿ ಹಾಗೇ ಇತ್ತು. ಈಚೆಯದು ಇನ್ನೂ ಮೂರು ಪದರದ ಕೆಳಗೆ ಸುರಕ್ಷಿತ. ಒಂದು ಸಲ ಇಟ್ಟುಬಿಡು, ಎಂದುಕೊಂಡಳು. ಇಟ್ಟುಬಿಡು. ಕಾಲು ಕೇಳಲಿಲ್ಲ.

ಕೂಲಿ ಹೆಂಗಸರನ್ನು ತುಂಬಿಕೊಂಡು ಬಂದ ಟ್ರ್ಯಾಕ್ಟರು ನಿಧಾನವಾಯಿತು.

"ಯಾಕವ್ವಾ, ಗಾಡಿ ಕೆಟ್ಟೈತೇನ?"

"ಇಲ್ರಿ."

"ಮತ್ತ್ಯಾಕ ಹಂಗ ಕುಂತೀ?"

ಹೆಂಗಸರು ತಮ್ಮತಮ್ಮಲ್ಲೇ ಏನೋ ಅಂದುಕೊಂಡು ನಕ್ಕರು. ಟ್ರ್ಯಾಕ್ಟರು ಹೋಯಿತು.

ಮೋಡ ಸರಿದು ಬಿಸಿಲು ಬಿತ್ತು. ತೆರೆದ ಬಾಗಿಲಿನಿಂದ ಏಸಿಯ ತಂಪು ಹತ್ತಿಯ ಹೊಲಕ್ಕೆ ಸೋರುತ್ತಿತ್ತು. ಅರ್ಧ ದೇಹ ಒಳಗೆ. ಎರಡು ಕಾಲು ಹೊರಗೆ, ನೆಲವನ್ನೂ ಮುಟ್ಟದೆ ಜೋತುಬಿದ್ದಿದ್ದವು. ಅವುಗಳ ಮೇಲೆ ಎರೆಮಣ್ಣು ಒಣಗತೊಡಗಿತು. ಒಣಗುತ್ತ ಬಿಗಿಯಿತು, ಯಾರೋ ಕೆಳಗೆ ಕುಳಿತು ಎರಡೂ ಕೈಯಿಂದ ಅವಳ ಪಾದಗಳನ್ನು ಹಿಡಿದುಕೊಂಡು, ಬಿಡುವುದೋ ಬೇಡವೋ ಎಂದು ಯೋಚಿಸುತ್ತಿರುವಂತೆ.